ಸೋತರೂ ಮನ ಗೆದ್ದವರು

2017ರ ಜುಲೈ 23, ಭಾನುವಾರ. ರಾತ್ರಿ ಹತ್ತು ದಾಟಿತ್ತು. ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಆನ್ಯಾ ಶ್ರಬ್‌ಸೋಲ್ ಎಸೆದ ಚೆಂಡು ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಅವರ ವಿಕೆಟ್ಟನ್ನು ಕೆಡವಿತು. ಮಹಿಳೆಯರ ಏಕದಿನ ವಿಶ್ವಕಪ್ ಫೈನಲ್ಲಿನಲ್ಲಿ ಭಾರತ 9 ರನ್ನುಗಳಿಂದ ಸೋತುಹೋಯಿತು. ಸೋಫಾದ ಮೇಲೆ ಕಾಲು ಮಡಚಿ ಕುಳಿತಿದ್ದ ನಮ್ಮವರು ರಿಮೋಟ್ ಎತ್ತಿಕೊಂಡು, "ಪಾಪ, ಸೋತರೂ ಮನ ಗೆದ್ದರು ಬಿಡು" ಎಂದು ವಾರ್ತೆಯ ಚಾನೆಲ್ಲಿಗೆ ಹೊರಳಿದರು. ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಅದೇ ಮಾತು. ಶಾಲೆಗೆ ಹೋದರೆ ಸ್ಟಾಫ್‌ರೂಮಿನಲ್ಲಿ ಅದೇ ಮಾತು. ಹಾಲು ಹಾಕುವ ಹುಡುಗನೂ ಅದನ್ನೇ ಹೇಳಿದ. ಇಡೀ ದೇಶಕ್ಕೆ ಒಬ್ಬರೇ ಉಕ್ತಲೇಖನ ಹೇಳಿ ಬರೆಸಿದ ಹಾಗಿತ್ತು.

ಆ ಮಾತಿನಲ್ಲಿ ಕೆಟ್ಟದ್ದೇನಿದೆ ಎಂದು ನೀವು ಕೇಳಬಹುದು. ಕೆಟ್ಟದ್ದೇನೂ ಇಲ್ಲ. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದರು. ಆದರೂ ನನಗದು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಕಟಕ್ಕೆಂದಿತು. ಯಾಕೆ ಹಾಗಾಯಿತು ಎಂದು ಅಂದಿನಿಂದ ಯೋಚಿಸುತ್ತಲೇ ಬಂದಿದ್ದೇನೆ. 2025ರ ನವೆಂಬರಿನಲ್ಲಿ ಇದೇ ತಂಡ ಕಪ್ಪನ್ನು ಗೆದ್ದ ಮೇಲೂ ಆ ಯೋಚನೆ ಮುಗಿಯಲಿಲ್ಲ. ಅದನ್ನಿಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಲಾರ್ಡ್ಸಿನಲ್ಲಿ ಆದದ್ದೇನು ಎಂದು ನೋಡೋಣ. ಇಂಗ್ಲೆಂಡ್ 7 ವಿಕೆಟ್ಟಿಗೆ 228 ರನ್ ಮಾಡಿತ್ತು. ಜೂಲನ್ ಗೋಸ್ವಾಮಿ ಹತ್ತು ಓವರು ಎಸೆದು ಬರೀ 23 ರನ್ ಕೊಟ್ಟು ಮೂರು ವಿಕೆಟ್ ಕಿತ್ತಿದ್ದರು. ಭಾರತದ ಸರದಿಯಲ್ಲಿ ಪೂನಂ ರಾವುತ್ 86, ಹರ್ಮನ್‌ಪ್ರೀತ್ ಕೌರ್ 51. ಒಂದು ಹಂತದಲ್ಲಿ 3 ವಿಕೆಟ್ಟಿಗೆ 191. ಇನ್ನು ಗೆಲ್ಲಲು ಬೇಕಾದದ್ದು 38 ರನ್, ಕೈಯಲ್ಲಿದ್ದದ್ದು 7 ವಿಕೆಟ್. ಅಡುಗೆ ಮುಗಿದಿದೆ, ಒಗ್ಗರಣೆ ಹಾಕುವುದಷ್ಟೇ ಬಾಕಿ ಎಂಬಂಥ ಸ್ಥಿತಿ. ಅಲ್ಲಿಂದ 28 ರನ್ ಸೇರಿಸುವಷ್ಟರಲ್ಲಿ ಏಳೂ ವಿಕೆಟ್ ಹೋದವು. ಆ ಏಳರಲ್ಲಿ ಐದು ಶ್ರಬ್‌ಸೋಲ್ ಒಬ್ಬರದೇ. ಕಡೂರಿನ ವೇದಾ ಕೃಷ್ಣಮೂರ್ತಿ 35 ರನ್ ಮಾಡಿ ಚೆನ್ನಾಗಿ ಆಡುತ್ತಿದ್ದವರು ದೊಡ್ಡ ಹೊಡೆತಕ್ಕೆ ಹೋಗಿ ಔಟಾದರು. ಇನ್ನೊಬ್ಬರು ಇಲ್ಲದ ರನ್ನಿಗೆ ಓಡಿ ರನೌಟಾದರು. ಅವಸರಪಟ್ಟರು, ಎದೆಗುಂದಿದರು. ಅಷ್ಟು ದೊಡ್ಡ ಪಂದ್ಯವನ್ನು ಕೊನೆ ಮುಟ್ಟಿಸುವ ಅಭ್ಯಾಸ ಆ ತಂಡಕ್ಕೆ ಇನ್ನೂ ಆಗಿರಲಿಲ್ಲ.

ಇದು ಆ ಪಂದ್ಯದ ವಿಮರ್ಶೆ. ಇದನ್ನು ಹೇಳಿದರೆ ಆ ಆಟಗಾರ್ತಿಯರಿಗೆ ಅವಮಾನವಾಗುತ್ತದೆಯೇ? ಖಂಡಿತ ಇಲ್ಲ ಎನ್ನುವುದು ನನ್ನ ವಾದ. ಮೂವತ್ತು ವರ್ಷದಿಂದ ಉತ್ತರ ಪತ್ರಿಕೆ ತಿದ್ದುತ್ತಿರುವವಳು ನಾನು. ಒಂದು ಮಾತು ಅನುಭವದಿಂದ ಬಲ್ಲೆ. ಯಾವ ಮಗುವಿನ ಮೇಲೆ ನಮಗೆ ನಿರೀಕ್ಷೆ ಇದೆಯೋ ಅದರ ಪತ್ರಿಕೆಯಲ್ಲಿ ಕೆಂಪು ಶಾಯಿ ಹೆಚ್ಚು. ಇಲ್ಲಿ ಹಂತ ಬಿಟ್ಟಿದ್ದೀಯ, ಅಲ್ಲಿ ಚಿಹ್ನೆ ತಪ್ಪಿದೆ ಎಂದು ಬರೆಯುತ್ತೇವೆ. ಯಾರ ಮೇಲೆ ನಿರೀಕ್ಷೆ ಇಲ್ಲವೋ ಅವರಿಗೆ ಮೂವತ್ತೈದು ಮಾಡಿ ಕೆಳಗೊಂದು ಗೆರೆ ಎಳೆದು ಮುಂದಿನ ಪತ್ರಿಕೆ ಎತ್ತಿಕೊಳ್ಳುತ್ತೇವೆ. "ಸೋತರೂ ಮನ ಗೆದ್ದರು" ಎಂಬುದು ಆ ಮೂವತ್ತೈದು. ಅದು ಗ್ರೇಸ್ ಮಾರ್ಕ್ಸ್. ನಿಮ್ಮಿಂದ ಇದಕ್ಕಿಂತ ಹೆಚ್ಚು ನಾವೇನೂ ಬಯಸಿರಲಿಲ್ಲ ಎಂದು ನಯವಾಗಿ ಹೇಳುವ ರೀತಿ ಅದು.

ಗಂಡಸರ ತಂಡಕ್ಕೆ ಆಗುವಂಥ ಮರ್ಯಾದೆ ಇವರಿಗೂ ಆಗಲಿ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 1996ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಏನಾಯಿತೆಂದು ನಮ್ಮ ವಯಸ್ಸಿನವರೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಬಾಟಲಿ ತೂರಿದರು, ಕುರ್ಚಿಗಳಿಗೆ ಬೆಂಕಿ ಇಟ್ಟರು, ಪಂದ್ಯವನ್ನು ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಸಾರಬೇಕಾಯಿತು. ಅದು ವಿಮರ್ಶೆಯಲ್ಲ, ಪುಂಡಾಟ. ಒಬ್ಬರಿಗೆ ಕಲ್ಲು, ಇನ್ನೊಬ್ಬರಿಗೆ ಹತ್ತಿ. ಇವೆರಡರ ನಡುವೆ ಆಟವನ್ನು ಆಟವಾಗಿ ನೋಡಿ, ಸರಿಯನ್ನು ಸರಿ, ತಪ್ಪನ್ನು ತಪ್ಪು ಎನ್ನುವ ಒಂದು ಜಾಗವಿದೆ. ಆ ಜಾಗದಲ್ಲಿ ನಿಲ್ಲಬೇಕಾದರೆ ಒಂದೇ ಒಂದು ಷರತ್ತು: ಆಟವನ್ನು ಮೊದಲಿನಿಂದ ನೋಡಿರಬೇಕು. 2017ರಲ್ಲಿ ನಾವು ಅದನ್ನೇ ಮಾಡಿರಲಿಲ್ಲ.

ನಿಜ ಹೇಳುತ್ತೇನೆ. ಆ ಟೂರ್ನಿ ಶುರುವಾದದ್ದು ಜೂನ್ 24ಕ್ಕೆ. ಮೊದಲ ದಿನವೇ ಭಾರತ ಇಂಗ್ಲೆಂಡನ್ನು ಡರ್ಬಿಯಲ್ಲಿ 35 ರನ್ನುಗಳಿಂದ ಸೋಲಿಸಿತ್ತು. ಸ್ಮೃತಿ ಮಂದಾನ 90 ಹೊಡೆದಿದ್ದರು. ಜುಲೈ 15ರಂದು ನ್ಯೂಜಿಲೆಂಡ್ ವಿರುದ್ಧ ಸೋತಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. ಅಂದು ಮಿಥಾಲಿ ರಾಜ್ 109, ವೇದಾ 45 ಎಸೆತಕ್ಕೆ 70. ರಾಜೇಶ್ವರಿ 15 ರನ್ ಕೊಟ್ಟು 5 ವಿಕೆಟ್ ಉರುಳಿಸಿ ಎದುರಾಳಿಯನ್ನು 79ಕ್ಕೆ ಮುಗಿಸಿದರು. ಇಬ್ಬರು ಕನ್ನಡದ ಹೆಣ್ಣುಮಕ್ಕಳು ಸೇರಿ ತಂಡವನ್ನು ಸೆಮಿಫೈನಲ್ಲಿಗೆ ದಾಟಿಸಿದ ಆ ಶನಿವಾರ ನಾನು ಏನು ಮಾಡುತ್ತಿದ್ದೆನೋ ನನಗೆ ನೆನಪೇ ಇಲ್ಲ. ನನಗೆ ಟೂರ್ನಿ ಶುರುವಾದದ್ದು ಜುಲೈ 20ಕ್ಕೆ, ಹರ್ಮನ್‌ಪ್ರೀತ್ ಆಸ್ಟ್ರೇಲಿಯಾದ ವಿರುದ್ಧ 115 ಎಸೆತಕ್ಕೆ ಅಜೇಯ 171 ಬಾರಿಸಿದ ಮೇಲೆ. ಅಂದರೆ ಮೂರು ದಿನದ ಅಭಿಮಾನಿ ನಾನು. ಮೂರು ದಿನದ ಅಭಿಮಾನಿಗೆ "ಮನ ಗೆದ್ದರು" ಎನ್ನದೆ ಇನ್ನೇನು ಹೇಳಲು ಬಂದೀತು?

ಈಗ ನಮ್ಮ ಭಾಷೆಯ ವಿಷಯಕ್ಕೆ ಬರುತ್ತೇನೆ. ಕನ್ನಡದ ಕ್ರೀಡಾಪುಟಗಳು ಮೊದಲಿನಿಂದ ಇವರನ್ನು "ವನಿತೆಯರು" ಎಂದೇ ಕರೆಯುತ್ತ ಬಂದಿವೆ. ವನಿತೆ ಎಂದಾಗ ನನಗೆ ಹಳೆಯ ಕಾವ್ಯದ ಉದ್ಯಾನವನ ನೆನಪಾಗುತ್ತದೆಯೇ ಹೊರತು ಬಿಸಿಲಿನಲ್ಲಿ ಹತ್ತು ಓವರು ಎಸೆದು ಬೆವರೊರೆಸಿಕೊಳ್ಳುವ ಜೂಲನ್ ನೆನಪಾಗುವುದಿಲ್ಲ. ಗೆದ್ದ ದಿನ "ಸಿಂಹಿಣಿಯರು", ಸೋತ ದಿನ ಮತ್ತೆ "ವನಿತೆಯರು". ಇನ್ನು ಪಂದ್ಯದಲ್ಲಿ ಶ್ರೇಷ್ಠರಾದವರಿಗೆ ನಾವು ಕೊಟ್ಟಿದ್ದ ಬಿರುದು "ಪಂದ್ಯಪುರುಷೋತ್ತಮ". ಆ ಪದವನ್ನು ಕಟ್ಟಿದವರಿಗೆ ಹೆಂಗಸೊಬ್ಬಳು ಒಂದು ದಿನ ಅದನ್ನು ಪಡೆಯಬಹುದೆಂಬ ಸಂಶಯ ಸಹ ಬಂದಿರಲಾರದು. ಕ್ರಿಕೆಟ್ಟಿನ ನಿಯಮಗಳನ್ನು ಕಾಯುವ ಲಂಡನ್ನಿನ ಎಂ.ಸಿ.ಸಿ.ಯೇ 2021ರಲ್ಲಿ "ಬ್ಯಾಟ್ಸ್‌ಮನ್" ಪದ ತೆಗೆದು "ಬ್ಯಾಟರ್" ಎಂದು ತಿದ್ದಿತು. ನಮ್ಮಲ್ಲಿ "ಆಟಗಾರ್ತಿ" ಎಂಬ ಒಳ್ಳೆಯ, ಗಟ್ಟಿಯಾದ ಮಾತಿದೆ. ಅದನ್ನೇ ಬಳಸಿದರೆ ಸಾಕಲ್ಲ?

ಪತ್ರಿಕೆಗಳನ್ನು ಬಿಡಿ, ಮನೆಯ ಮಾತು ಕೇಳಿ. "ಕೊಹ್ಲಿ ಹೊಡೆದ", "ಬೂಮ್ರಾ ಕಿತ್ತ" ಎನ್ನುತ್ತೇವೆ. ಅವರಿಗೆ ಹೆಸರಿದೆ, ಸಲಿಗೆಯ ಏಕವಚನವೂ ಇದೆ. ಹೆಂಗಸರ ಪಂದ್ಯವಾದರೆ "ಆ ಹುಡುಗಿ ಹೊಡೆದಳು". ಯಾವ ಹುಡುಗಿ? 2025ರ ವಿಶ್ವಕಪ್ಪಿನಲ್ಲಿ ಹರ್ಮನ್‌ಪ್ರೀತ್‌ಗೆ 36 ವರ್ಷ. ಆ ವಯಸ್ಸಿಗೆ ನಮ್ಮ ಕಡೆ ಹೆಂಗಸರನ್ನು ಆಂಟಿ ಎಂದು ಕರೆಯಲು ಶುರುಮಾಡಿ ಹತ್ತು ವರ್ಷವಾಗಿರುತ್ತದೆ! ಮೈದಾನದಲ್ಲಿ ಮಾತ್ರ ಅವರು ಹೆಸರಿಲ್ಲದ ಹುಡುಗಿ. ಹೆಸರು ಗೊತ್ತಿಲ್ಲದವರನ್ನು ಹೊಗಳಬಹುದು, ಮರುಕಪಡಬಹುದು. ಬೈಯಲು ಮಾತ್ರ ಹೆಸರು ಗೊತ್ತಿರಬೇಕು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. 2011ರಲ್ಲಿ ನಮ್ಮ ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ. ಪ್ರಶ್ನೆ ಕೇಳುವವಳು ನಾನು. ಎರಡು ತಂಡಗಳು ಸಮಸಮ ಬಂದು ನಿಂತಿದ್ದವು. ಕೊನೆಯ ಪ್ರಶ್ನೆ ಕೇಳಿದೆ: "ಏಕದಿನ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಮೊದಲ ದ್ವಿಶತಕ ಬಾರಿಸಿದವರು ಯಾರು?" ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, "ಬೆಲಿಂಡಾ ಕ್ಲಾರ್ಕ್" ಎಂದಳು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ "ಸಚಿನ್ ತೆಂಡೂಲ್ಕರ್" ಎಂದಿತ್ತು. ನಾನು "ತಪ್ಪು" ಎಂದೆ. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅಲ್ಲಿನ ಹುಡುಗರು ನಾನು ಮಾತು ಮುಗಿಸುವ ಮೊದಲೇ "ಸಚಿನ್" ಎಂದು ಕೂಗಿದರು. ಹತ್ತು ಅಂಕ, ಚಪ್ಪಾಳೆ, ಬಹುಮಾನ. ಆ ಹುಡುಗಿ ಅಳಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು, "ಟೀಚರ್, ಪ್ರಶ್ನೆಯಲ್ಲಿ ಗಂಡಸರು ಅಂತ ಇರಲಿಲ್ಲ" ಎಂದಳು. ನಾನು ಏನು ಹೇಳಿದೆ ಗೊತ್ತೇ? "ಹಾಗೆಲ್ಲ ವಾದ ಮಾಡಬಾರದಮ್ಮ" ಎಂದೆ.

ಆರು ವರ್ಷದ ಮೇಲೆ, ಹರ್ಮನ್‌ಪ್ರೀತ್ 171 ಹೊಡೆದ ಮರುದಿನ, ವಿಶ್ವಕಪ್ಪಿನ ಅತಿ ಹೆಚ್ಚು ವೈಯಕ್ತಿಕ ರನ್ನುಗಳ ಪಟ್ಟಿಯನ್ನು ಪತ್ರಿಕೆ ಚೌಕಟ್ಟಿನಲ್ಲಿ ಹಾಕಿತ್ತು. ಮೊದಲನೆಯ ಸಾಲು: ಬೆಲಿಂಡಾ ಕ್ಲಾರ್ಕ್, ಆಸ್ಟ್ರೇಲಿಯಾ, ಅಜೇಯ 229, ಡೆನ್ಮಾರ್ಕ್ ವಿರುದ್ಧ, ಮುಂಬಯಿ, 1997. ಕಾಫಿ ಲೋಟ ಹಿಡಿದ ಕೈ ಹಾಗೇ ನಿಂತಿತು. ಸಚಿನ್ ಗ್ವಾಲಿಯರಿನಲ್ಲಿ 200 ಮಾಡಿದ್ದು 2010ರ ಫೆಬ್ರವರಿಯಲ್ಲಿ. ಅದಕ್ಕಿಂತ ಹನ್ನೆರಡು ವರ್ಷ ಮೊದಲೇ, ನಮ್ಮ ದೇಶದ ನೆಲದ ಮೇಲೆಯೇ, ಒಬ್ಬ ಹೆಂಗಸು ಅದನ್ನು ಮಾಡಿ ಮುಗಿಸಿದ್ದರು. ಆ ಹುಡುಗಿಯ ಉತ್ತರ ಸರಿ ಇತ್ತು. ತಪ್ಪಾಗಿದ್ದದ್ದು ನನ್ನ ಹಾಳೆ.

1997ರ ಡಿಸೆಂಬರಿನ ಆ ವಿಶ್ವಕಪ್ ನಡೆದದ್ದು ಭಾರತದಲ್ಲಿ. ಭಾರತದ ನಾಯಕಿ ಬೆಂಗಳೂರಿನ ಪ್ರಮೀಳಾ ಭಟ್. ದೆಹಲಿಯ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಎದುರು 19 ರನ್ನುಗಳಿಂದ ಸೋತರು. ಡಿಸೆಂಬರ್ 29ರಂದು ಈಡನ್ ಗಾರ್ಡನ್ಸಿನ ಫೈನಲ್ಲಿನಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡನ್ನು ಸೋಲಿಸಿತು. ನಾನಾಗ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದ ಹೊಸತು. ದಿನಾ ಪತ್ರಿಕೆ ಓದುವ ಅಭ್ಯಾಸವಿದ್ದವಳು. ಆದರೂ ಇಷ್ಟೆಲ್ಲ ಆದದ್ದು ನನ್ನ ಕಿವಿಗೆ ಬೀಳಲಿಲ್ಲ, ಬಿದ್ದಿದ್ದರೂ ಉಳಿಯಲಿಲ್ಲ. ಅದೇ ವರ್ಷ ಗಂಡಸರ ತಂಡ ಎಲ್ಲೆಲ್ಲಿ ಸೋತಿತೆಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆನೇನೋ.

ಇನ್ನೂ ಹಿಂದಕ್ಕೆ ಹೋಗಿ. ಮೊಟ್ಟಮೊದಲ ಕ್ರಿಕೆಟ್ ವಿಶ್ವಕಪ್ ಆಡಿದವರು ಹೆಂಗಸರು, 1973ರಲ್ಲಿ, ಇಂಗ್ಲೆಂಡಿನಲ್ಲಿ. ಗಂಡಸರ ವಿಶ್ವಕಪ್ ಶುರುವಾದದ್ದು ಎರಡು ವರ್ಷದ ಮೇಲೆ, 1975ರಲ್ಲಿ. ಭಾರತದ ಹೆಂಗಸರ ಮೊದಲ ಟೆಸ್ಟ್ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1976ರ ಅಕ್ಟೋಬರ್ ಕೊನೆಯಲ್ಲಿ, ವೆಸ್ಟ್ ಇಂಡೀಸ್ ಎದುರು. ನಾಯಕಿ ಕರ್ನಾಟಕದ ಪರ ಆಡುತ್ತಿದ್ದ ಶಾಂತಾ ರಂಗಸ್ವಾಮಿ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ. ಕ್ರಿಕೆಟ್ ಮಂಡಳಿ ಮಹಿಳಾ ಕ್ರಿಕೆಟ್ಟನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 2006ರಲ್ಲಿ. ಅದಕ್ಕೆ ಮೊದಲು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ ಮಾಡಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದ್ದನ್ನು ಆ ತಲೆಮಾರಿನವರು ಹೇಳಿಕೊಂಡಿದ್ದಾರೆ. ಇವರು ಯಾರ ಮನವನ್ನೂ ಗೆಲ್ಲಲು ಆಡಿದವರಲ್ಲ. ಆಗ ಮನ ಕೊಡಲು ಮೈದಾನದಲ್ಲಿ ಯಾರಿದ್ದರು ಹೇಳಿ? ಆಟ ಬೇಕಾಗಿತ್ತು, ಆಡಿದರು.

ಹೀಗೆ ಒಂದು ಪ್ರಾಯಶ್ಚಿತ್ತದ ಹಾಗೆ, 2025ರ ವಿಶ್ವಕಪ್ಪನ್ನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಬೆನ್ನು ಹತ್ತಬೇಕೆಂದು ನಿಶ್ಚಯಿಸಿದೆ. ಸೆಪ್ಟೆಂಬರ್ 30ರ ಉದ್ಘಾಟನಾ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಂದು ಮೊದಲು ಪ್ರಕಟವಾಗಿತ್ತು. ದಸರಾ ರಜೆ ಬೇರೆ. ನಾಲ್ಕಾರು ಸಹೋದ್ಯೋಗಿಗಳು ಸೇರಿ ರಾತ್ರಿ ಬಸ್ಸಿಗೆ ಹೋಗಿ ನೋಡಿಬರೋಣ ಎಂದು ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಜೂನ್ 4 ಬಂತು. ಆರ್.ಸಿ.ಬಿ. ಗಂಡಸರ ತಂಡ ಐ.ಪಿ.ಎಲ್. ಗೆದ್ದ ಸಂಭ್ರಮಕ್ಕೆ ಅದೇ ಕ್ರೀಡಾಂಗಣದ ಹೊರಗೆ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಶಾಲಾ ಕಾಲೇಜಿಗೆ ಹೋಗುವ ವಯಸ್ಸಿನವರೂ ಅದರಲ್ಲಿದ್ದರು. ಆ ಮಕ್ಕಳ ತಾಯಂದಿರನ್ನು ನೆನೆದರೆ ಕ್ರಿಕೆಟ್ಟಿನ ಮಾತೇ ಬೇಡ ಎನ್ನಿಸುತ್ತದೆ. ಆಗಸ್ಟಿನಲ್ಲಿ ಬೆಂಗಳೂರಿನ ಪಂದ್ಯಗಳನ್ನು ನವಿ ಮುಂಬಯಿಗೆ ಕೊಟ್ಟರು. ಉದ್ಘಾಟನೆ ಗುವಾಹಟಿಯಲ್ಲಾಯಿತು. ಆ ತೀರ್ಮಾನ ತಪ್ಪೆಂದು ಹೇಳಲಾರೆ. ಆದರೆ ಒಂದು ಮಾತು ಮನಸ್ಸಿನಲ್ಲೇ ಉಳಿಯಿತು. ಆರ್.ಸಿ.ಬಿ.ಯ ಹೆಂಗಸರು 2024ರ ಮಾರ್ಚಿನಲ್ಲೇ ಕಪ್ ತಂದುಕೊಟ್ಟಿದ್ದರು. ಆದರೂ 2025ರಲ್ಲಿ ಎಲ್ಲರೂ "ಕಡೆಗೂ ಕಪ್ ನಮ್ಮದಾಯಿತು" ಎಂದರು. ನನ್ನ ರಸಪ್ರಶ್ನೆಯ ಹಾಳೆ ಈಗಲೂ ಊರೆಲ್ಲ ಓಡಾಡುತ್ತಿದೆ ಎಂದುಕೊಂಡೆ.

ರಜೆಯೂ ನಮಗೆ ದಕ್ಕಲಿಲ್ಲ. ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹೊತ್ತುಕೊಂಡು ಮನೆಮನೆ ತಿರುಗುವ ಕೆಲಸ. ಉದ್ಘಾಟನೆಯ ಆ ಮಧ್ಯಾಹ್ನ ಒಂದು ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಮನೆಯಾಕೆ ಮೊರದಲ್ಲಿ ಅವರೆಕಾಳು ಆರಿಸುತ್ತ ಉತ್ತರ ಹೇಳುತ್ತಿದ್ದರು. ಟಿ.ವಿ.ಯಲ್ಲಿ ಪಂದ್ಯ ಓಡುತ್ತಿತ್ತು. ಶ್ರೀಲಂಕಾದ ಇನೋಕಾ ರಣವೀರ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದರು. ಭಾರತ 6 ವಿಕೆಟ್ಟಿಗೆ 124. ಆಕೆ ಮೊರ ಕೆಳಗಿಟ್ಟು, "ನೋಡಿ ಮೇಡಂ, ಈ ಹರ್ಮನ್‌ಪ್ರೀತ್‌ಗೆ ಎಷ್ಟು ಸಲ ಹೇಳೋದು? ಶುರುವಿನಲ್ಲಿ ನಿಂತುಕೊಂಡು ಆಡು ಅಂತ. ಕೇಳೋದೇ ಇಲ್ಲ" ಎಂದರು, ಪಕ್ಕದ ಮನೆಯ ಸೊಸೆಯ ಮೇಲೆ ದೂರು ಹೇಳುವ ಧಾಟಿಯಲ್ಲಿ. ಆಮೇಲೆ, "ದೀಪ್ತಿ ಇದ್ದಾಳೆ ಬಿಡಿ, ಎಳೀತಾಳೆ" ಎಂದರು. ದೀಪ್ತಿ ಶರ್ಮಾ 53, ಅಮನ್‌ಜೋತ್ ಕೌರ್ 57 ಮಾಡಿ ಎಳೆದೂ ಎಳೆದರು. ಭಾರತ 59 ರನ್ನುಗಳಿಂದ ಗೆದ್ದಿತು. ಉದ್ಯೋಗದ ಪ್ರಶ್ನೆಗೆ ಆಕೆ "ಮನೇಲೇ ಇದೀನಿ, ಏನೂ ಇಲ್ಲ" ಎಂದಿದ್ದರು. ಅಷ್ಟು ಪತ್ರಿಕೆ ಓದುವ ನನಗೆ ಹೊಳೆಯದಿದ್ದ ವಿಮರ್ಶೆಯ ದಾರಿಯನ್ನು ಆಕೆ ಅವರೆಕಾಳು ಆರಿಸುತ್ತ ತೋರಿಸಿಕೊಟ್ಟರು. ಹೆಸರು ಹಿಡಿದು ಬೈದರು, ಹೆಸರು ಹಿಡಿದೇ ನಂಬಿದರು.

ಮುಂದೆ ಮೂರು ಸೋಲುಗಳು ಸಾಲಾಗಿ ಬಂದವು. ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಾ ಎದುರು ರಿಚಾ ಘೋಷ್ ಅವರ 94 ವ್ಯರ್ಥವಾಯಿತು. ಮೂರು ದಿನದ ಮೇಲೆ ಅಲ್ಲೇ ಆಸ್ಟ್ರೇಲಿಯಾ ಎದುರು 330 ಮಾಡಿಯೂ ಸೋತರು. ಅಲಿಸಾ ಹೀಲಿ 142 ಹೊಡೆದರು. ಅಕ್ಟೋಬರ್ 19ರಂದು ಇಂದೋರಿನಲ್ಲಿ ಇಂಗ್ಲೆಂಡ್ ಎದುರು 4 ರನ್ನುಗಳ ಸೋಲು. ಈ ಸಲ "ಮನ ಗೆದ್ದರು" ಎಂದವರು ಕಡಿಮೆ. ಅದರ ಬದಲು ಮೊಬೈಲುಗಳಲ್ಲಿ ಅಡುಗೆಮನೆಯ ಹಾಸ್ಯಗಳು ಹರಿದಾಡಿದವು. ಹತ್ತಿ ಮುಗಿದು ಕಲ್ಲು ಶುರುವಾಯಿತು, ಅಷ್ಟೇ. ಹತ್ತಿಗೂ ಕಲ್ಲಿಗೂ ಮೂಲ ಒಂದೇ ಎಂದು ನನಗೆ ಆಗ ಖಚಿತವಾಯಿತು. ಎರಡೂ ಆಟವನ್ನು ನೋಡದವರ ಕೈಯಿಂದ ಬರುವಂಥವು.

ಆಟ ನೋಡಿದವರಿಗೆ ಹೇಳಲು ಬೇಕಾದಷ್ಟಿತ್ತು. 330 ಒಳ್ಳೆಯ ಮೊತ್ತವೇ, ಆದರೆ 7 ಎಸೆತ ಉಳಿದಿರುವಾಗಲೇ ಎಲ್ಲರೂ ಔಟಾಗಿದ್ದರು. ಆರನೆಯ ಬೌಲರ್ ಇಲ್ಲದ್ದು ಎರಡು ಪಂದ್ಯಗಳಲ್ಲಿ ಕಂಡಿತ್ತು. ಅದನ್ನು ಸರಿಪಡಿಸಲು ಇಂದೋರಿನಲ್ಲಿ ಜೆಮಿಮಾ ರಾಡ್ರಿಗಸ್ ಅವರನ್ನು ಕೈಬಿಟ್ಟು ರೇಣುಕಾ ಸಿಂಗ್ ಅವರನ್ನು ಆಡಿಸಿದರು. ಒಂದು ತೂತು ಮುಚ್ಚಲು ಇನ್ನೊಂದು ಕಡೆಯ ತೇಪೆ ಕಿತ್ತ ಹಾಗಾಯಿತು. ಅದೇ ಪಂದ್ಯದಲ್ಲಿ ಸ್ಮೃತಿ 88 ಮಾಡಿ, ಗೆಲುವು ಕೈಯಳತೆಯಲ್ಲಿದ್ದಾಗ ಎತ್ತಿ ಹೊಡೆಯಲು ಹೋಗಿ ಔಟಾದರು. ಪಂದ್ಯ ಮುಗಿದ ಮೇಲೆ ಕುಸಿತ ತನ್ನಿಂದಲೇ ಶುರುವಾಯಿತೆಂದು ಅವರು ಹೊಣೆ ಹೊತ್ತುಕೊಂಡರು. ನೋಡಿ, ಆಟಗಾರ್ತಿಗೆ ಗ್ರೇಸ್ ಮಾರ್ಕ್ಸ್ ಬೇಕಾಗಿಲ್ಲ. ತನ್ನ ಪತ್ರಿಕೆಯನ್ನು ತಾನೇ ತಿದ್ದಿಕೊಂಡು ನಮ್ಮ ಮುಂದೆ ಇಟ್ಟಿದ್ದಾರೆ. ಮುಂದಿನ ಪಂದ್ಯದಲ್ಲಿ ನ್ಯೂಜಿಲೆಂಡ್ ಎದುರು ಅದೇ ಸ್ಮೃತಿ 109, ಪ್ರತೀಕಾ ರಾವಲ್ 122, ವಾಪಸ್ಸಾದ ಜೆಮಿಮಾ ಅಜೇಯ 76.

ಅಕ್ಟೋಬರ್ 30ರ ಸೆಮಿಫೈನಲ್ಲನ್ನು ನಾನು ಮರೆಯಲಾರೆ. ಆಸ್ಟ್ರೇಲಿಯಾ 338. ಅಷ್ಟನ್ನು ಬೆನ್ನಟ್ಟಿ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಜೆಮಿಮಾ ಅಜೇಯ 127, ಹರ್ಮನ್‌ಪ್ರೀತ್ 89. 9 ಎಸೆತ ಉಳಿದಿರುವಾಗಲೇ ಗೆಲುವು. ಜೆಮಿಮಾ 82ರಲ್ಲಿದ್ದಾಗ ಹೀಲಿ ಸುಲಭದ ಕ್ಯಾಚೊಂದನ್ನು ಕೈಚೆಲ್ಲಿದ್ದರು. ಅದನ್ನೂ ಹೇಳಬೇಕು, ಹೇಳಿದರೆ ಆ 127ರ ಬೆಲೆ ಕಡಿಮೆಯಾಗುವುದಿಲ್ಲ. ಸಿಕ್ಕ ಅವಕಾಶವನ್ನು ಕೊನೆ ಮುಟ್ಟಿಸುವುದು ಎಂದರೇನೆಂದು 2017ರ ಲಾರ್ಡ್ಸ್ ನೋಡಿದವರಿಗೆ ಗೊತ್ತು. ಗೆದ್ದ ಮೇಲೆ ಜೆಮಿಮಾ ಟೂರ್ನಿಯುದ್ದಕ್ಕೂ ತಮ್ಮನ್ನು ಕಾಡಿದ ಆತಂಕದ ಬಗ್ಗೆ, ಅತ್ತ ದಿನಗಳ ಬಗ್ಗೆ ಎಲ್ಲರೆದುರು ಹೇಳಿಕೊಂಡರು. ಅಳು ಗೆಲುವಿನ ಎದುರಾಳಿ ಅಲ್ಲವೆಂದು ಮಾರನೆಯ ದಿನ ನಮ್ಮ ತರಗತಿಯಲ್ಲಿ ಹೇಳಿದೆ.

ನವೆಂಬರ್ 2ರ ಫೈನಲ್ ಮಳೆಯಿಂದ ತಡವಾಗಿ ಶುರುವಾಗಿ ಮಧ್ಯರಾತ್ರಿಗೆ ಮುಗಿಯಿತು. ಪ್ರತೀಕಾ ಗಾಯಗೊಂಡು ಗಾಲಿಕುರ್ಚಿಯಲ್ಲಿದ್ದರು. ಅವರ ಬದಲಿಗೆ ಬಂದ ಶೆಫಾಲಿ ವರ್ಮಾ ಮೊದಲು ಆರಿಸಿದ ತಂಡದಲ್ಲೇ ಇರಲಿಲ್ಲ. ಅವರು 87 ಹೊಡೆದರು. ದೀಪ್ತಿ 58 ರನ್ನಿನ ಜೊತೆ 39 ರನ್ ಕೊಟ್ಟು 5 ವಿಕೆಟ್. 298 ಬೆನ್ನಟ್ಟಿದ ದಕ್ಷಿಣ ಆಫ್ರಿಕಾದ ನಾಯಕಿ ಲಾರಾ ವೊಲ್ವಾರ್ಟ್ ಒಬ್ಬರೇ 101 ಮಾಡಿ ನಿಂತಾಗ ಹರ್ಮನ್‌ಪ್ರೀತ್ ಏನು ಮಾಡುತ್ತಾರೋ ಎಂದು ಉಸಿರು ಹಿಡಿದು ಕುಳಿತಿದ್ದೆ. ಅದಕ್ಕೂ ಮೊದಲೇ ಅವರು ಬ್ಯಾಟಿಂಗಿಗೆ ಬಂದ ಶೆಫಾಲಿಯ ಕೈಗೆ ಚೆಂಡು ಕೊಟ್ಟಿದ್ದರು. ಶೆಫಾಲಿ ಎರಡು ವಿಕೆಟ್ ತೆಗೆದರು. ನಾಯಕತ್ವ ಎಂದರೆ ಅದು. ವೊಲ್ವಾರ್ಟ್ ಎತ್ತಿ ಹೊಡೆದ ಚೆಂಡು ಅಮನ್‌ಜೋತ್ ಕೈಯಲ್ಲಿ ಪುಟಿಪುಟಿದು ಕೊನೆಗೂ ನಿಂತಾಗ ನಾನು ಕೂಗಿದ ಕೂಗಿಗೆ ಮಲಗಿದ್ದ ನಮ್ಮವರು ಎದ್ದು ಬಂದರು. 52 ರನ್ನುಗಳ ಗೆಲುವು. ಕಪ್ಪನ್ನು ಮಿಥಾಲಿ, ಜೂಲನ್ ಅವರ ಕೈಗೂ ಕೊಟ್ಟರು. ಜೂಲನ್ ಅತ್ತರು. 2017ರಲ್ಲಿ ನಾವು "ಮನ ಗೆದ್ದಿರಿ" ಎಂದು ಕೈತೊಳೆದುಕೊಂಡಿದ್ದೆವಲ್ಲ, ಆ ಸೋಲು ಅವರೊಳಗೆ ಎಂಟು ವರ್ಷ ಹೇಗೆ ಕುಳಿತಿತ್ತೆಂದು ಆ ಅಳುವಿನಲ್ಲಿ ಕಂಡಿತು.

ಗೆದ್ದ ಮೇಲೂ ವಿಮರ್ಶೆ ಬೇಕು, ಈ ಸಲ ನಮ್ಮ ಬಗ್ಗೆ. ಮೋಗಾ, ಸಾಂಗ್ಲಿ, ರೋಹ್ಟಕ್, ಆಗ್ರಾ, ಸಿಲಿಗುರಿ, ಕಡಪ ಎಂದು ನಮ್ಮೂರುಗಳಂಥ ಊರುಗಳಿಂದ ಬಂದವರು ಆ ತಂಡದಲ್ಲಿದ್ದರು. ಕರ್ನಾಟಕದವರು ಒಬ್ಬರೂ ಇರಲಿಲ್ಲ. 2017ರಲ್ಲಿ ಕಡೂರು, ವಿಜಯಪುರ ಎರಡೂ ಇದ್ದವು. ಯಾಕೆ ಹೀಗೆ ಎಂಬುದಕ್ಕೆ ದೊಡ್ಡವರ ಉತ್ತರ ಏನೇ ಇರಲಿ, ನನ್ನ ಪಾಲಿನದನ್ನು ನಾನು ಹೇಳುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಹೆಣ್ಣುಮಕ್ಕಳ ಆಟದ ಪೀರಿಯಡ್ಡನ್ನು ಪಾಠಕ್ಕೆ ತೆಗೆದುಕೊಂಡವರಲ್ಲಿ ನಾನೂ ಒಬ್ಬಳು. ಗಂಡುಮಕ್ಕಳಾದರೆ ಗಲಾಟೆ ಮಾಡುತ್ತಿದ್ದರು, ಅವರಿಗೆ ಬಿಟ್ಟುಕೊಡುತ್ತಿದ್ದೆ. ಹೆಣ್ಣುಮಕ್ಕಳು ಸುಮ್ಮನೆ ಪುಸ್ತಕ ತೆಗೆಯುತ್ತಿದ್ದರು, ಒಳ್ಳೆಯ ಮಕ್ಕಳು ಎಂದು ಹೊಗಳುತ್ತಿದ್ದೆ. ಅದೂ ಒಂದು ಬಗೆಯ ಮನ ಗೆಲ್ಲುವಿಕೆಯೇ.

ಈಗ ನಾನು ಆ ಪೀರಿಯಡ್ಡನ್ನು ಮುಟ್ಟುವುದಿಲ್ಲ. ರಸಪ್ರಶ್ನೆಯನ್ನು ಈಗಲೂ ನಡೆಸುತ್ತೇನೆ. ಮೊದಲ ದ್ವಿಶತಕದ ಪ್ರಶ್ನೆಯನ್ನು ಪ್ರತಿ ವರ್ಷ ಬೇಕೆಂದೇ ಕೇಳುತ್ತೇನೆ. ಹೆಚ್ಚಿನ ಮಕ್ಕಳು ಸಚಿನ್ ಎನ್ನುತ್ತಾರೆ. ನಾನು "ತಪ್ಪು" ಎನ್ನುತ್ತೇನೆ, ಆಮೇಲೆ ಕಥೆ ಹೇಳುತ್ತೇನೆ. ಆ ಹುಡುಗಿ ಓದು ಮುಗಿಸಿ, ಮದುವೆಯಾಗಿ ಯಾವುದೋ ಊರು ಸೇರಿದ್ದಾಳಂತೆ. ನವೆಂಬರ್ 2ರ ರಾತ್ರಿ ಅವಳೂ ಟಿ.ವಿ. ಮುಂದೆ ಕುಳಿತಿದ್ದಿರಬೇಕು, ಹರ್ಮನ್‌ಪ್ರೀತ್‌ಳನ್ನು ಹೆಸರು ಹಿಡಿದು ಬೈಯುತ್ತಿದ್ದಿರಬೇಕು. ಅವಳಿಗೆ ನಾನು ಕೊಡಬೇಕಾದ ಹತ್ತು ಅಂಕ ಇನ್ನೂ ಬಾಕಿ ಇದೆ.